ಗೊಣಗುವ ಕಾಲಿಗೆ ಆಯುಷ್ಯ ಹೆಚ್ಚು

ಹಾವೇರಿ ಜಿಲ್ಲೆಯ ದೊಡ್ಡವರನ್ನೆಲ್ಲ ಒಮ್ಮೆ ನೆನೆಸಿಕೊಳ್ಳಿ, ಎಲ್ಲರೂ ನಡೆದವರೇ. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು ಉಡುಪಿಯವರೆಗೆ ಹೋದರು. ಅದೇ ತಾಲ್ಲೂಕಿನ ಶಿಶುನಾಳದ ಶರೀಫರು ಗುರು ಗೋವಿಂದಭಟ್ಟರ ಬೆನ್ನುಹತ್ತಿ ಊರೂರು ಸುತ್ತಿದರು. ಸರ್ವಜ್ಞನಂತೂ ಮನೆ ಬಿಟ್ಟ ಮೇಲೆ ನಡೆದದ್ದೇ ನಡೆದದ್ದು. ಹಾನಗಲ್ಲಿನವರನ್ನು ಕೇಳಿದರೆ ಇನ್ನೂ ಹಿಂದಕ್ಕೆ ಹೋಗುತ್ತಾರೆ: 'ನಮ್ಮೂರು ವಿರಾಟನಗರ್ರೀ, ಪಾಂಡವರು ಹನ್ನೆರಡು ವರ್ಷ ಕಾಡು ತುಳದು ಕಡೀಕೆ ಬಂದು ನಿಂತದ್ದು ಇಲ್ಲೇ.' ಸರ್ವಜ್ಞ ಹುಟ್ಟಿದ್ದು ಅಬಲೂರಿನಲ್ಲೋ ಮಾಸೂರಿನಲ್ಲೋ ಎಂದು ಹಿರೇಕೆರೂರು ಸೀಮೆಯಲ್ಲಿ ಬೇಕಾದಷ್ಟು ವಾದ ನಡೆದಿದೆ. ಅವನ ಹಿಂಬಡ ಒಡೆದಿತ್ತೋ ಇಲ್ಲವೋ ಎಂದು ಒಬ್ಬ ವಿದ್ವಾಂಸನೂ ಕೇಳಿಲ್ಲ. ವನವಾಸ ಮುಗಿಸಿ ಬಂದ ಭೀಮ ವಿರಾಟನ ಅಡುಗೆಮನೆ ಸೇರಿ ದಿನವಿಡೀ ಒಲೆಯ ಮುಂದೆ ನಿಂತನಲ್ಲ, ಅರ್ಜುನ ಗೆಜ್ಜೆ ಕಟ್ಟಿ ಕುಣಿದನಲ್ಲ, ಬೆಳಗ್ಗೆ ಹಾಸಿಗೆಯಿಂದ ಇಳಿಯುವಾಗ ಇಬ್ಬರಲ್ಲಿ ಒಬ್ಬನಾದರೂ 'ಯಪ್ಪಾ, ಹಿಂಬಡ!' ಎಂದಿರಲಿಕ್ಕಿಲ್ಲವೆ? ವ್ಯಾಸರು ಬರೆಯಲಿಲ್ಲ.

ಹಾಗೆಂದು ನಮ್ಮಲ್ಲಿ ಕಾಲಿನ ವೈದ್ಯರಿಗೆ ಬರವೇನೂ ಇಲ್ಲ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಯಾವ ತಾಲ್ಲೂಕಿನ ಯಾವ ಊರಿಗೆ ಬೇಕಾದರೂ ಹೋಗಿ, ಕಟ್ಟೆಯ ಮುಂದೆ ತುಸು ಕುಂಟುತ್ತ ಹಾದು ನೋಡಿ. 'ಯಾಕ್ರೀ ಸರ, ಕಾಲಿಗೇನಾತು?' ಎಂಬ ಪ್ರಶ್ನೆಯ ಬೆನ್ನಿಗೇ ಔಷಧವೂ ಬರುತ್ತದೆ. ಆಣಿ ಎಂದರೆ ಒಬ್ಬ ಗೇರೆಣ್ಣೆ ಹಚ್ಚು ಎನ್ನುತ್ತಾನೆ, ಇನ್ನೊಬ್ಬ ಹೊಸ ಬ್ಲೇಡು ತಾ ಎನ್ನುತ್ತಾನೆ. ಹೊಸದು ಎಂಬಲ್ಲಿಗೆ ಅವನ ಆಪರೇಷನ್ ಥಿಯೇಟರಿನ ಶುದ್ಧಿಯೆಲ್ಲ ಮುಗಿಯಿತು. ಹಿಂಬಡ ಒಡೆದಿದ್ದರೆ ಮೇಣ ಕಾಯಿಸಿ ಬಿರುಕಿಗೆ ಹೊಯ್ಯಬೇಕು. ಮೇಣ ಇಲ್ಲವೆ? ಚಪ್ಪಲಿಯ ಅಟ್ಟೆಗೆ ಹಚ್ಚುವ ಅಂಟಾದರೂ ನಡೆದೀತು. ಹರಿದ ಚಪ್ಪಲಿಗೂ ಹರಿದ ಕಾಲಿಗೂ ಒಂದೇ ಟ್ಯೂಬಿನಲ್ಲಿ ಮುಗಿಸಿದ ಉಳಿತಾಯದ ಸಂತೋಷ ಬೇರೆ.

ಪಾಪ, ಬಿರುಕಿಗೆ ಬೇಕಾದದ್ದು ಇಷ್ಟೇ: ರಾತ್ರಿ ಕಾಲು ತೊಳೆದು, ಒರೆಸಿ, ಯೂರಿಯಾ ಇರುವ ಮುಲಾಮು ಹಚ್ಚುವುದು. ಯೂರಿಯಾ ಎಂದಕೂಡಲೇ ಗೊಬ್ಬರದ ಚೀಲದ ಕಡೆ ನೋಡಬೇಡಿ, ಔಷಧದ ಅಂಗಡಿಯದು ಬೇರೆ.

ಹಿಂಬಡದ ಒಳನೋವಿನ ಗತ್ತೇ ಗತ್ತು. ರಾತ್ರಿ ಸುಮ್ಮನಿರುತ್ತದೆ. ಬೆಳಗ್ಗೆ ಮೊದಲ ಹೆಜ್ಜೆಗೆ ಮೊಳೆ ಹೊಡೆದಂತೆ ಚುಚ್ಚುತ್ತದೆ, ಗೋಡೆ ಹಿಡಿದು ಬಚ್ಚಲು ಮುಟ್ಟುವಷ್ಟರಲ್ಲಿ ಕಡಿಮೆಯಾಗುತ್ತದೆ. ಆಗ ಎಕ್ಸ್‌ರೇ ತೆಗೆಸುತ್ತಾರೆ, ಚೂಪಾದ ಒಂದು ಮೂಳೆ ಕಾಣುತ್ತದೆ, 'ಎಲುಬು ಬೆಳದೈತಿ' ಎಂಬ ತೀರ್ಪು ಬರುತ್ತದೆ. ಅಲ್ಲಿಂದ ಆ ಫಿಲ್ಮು ಬಂದ ಬೀಗರಿಗೆಲ್ಲ ಮದುವೆಯ ಆಲ್ಬಮ್ಮಿನ ಜೊತೆಗೇ ದರ್ಶನ ಕೊಡುತ್ತದೆ. ಅಂಥ ಮೂಳೆ ಇದ್ದೂ ನೋವೇ ಇಲ್ಲದವರು ಬೇಕಾದಷ್ಟು ಜನ ಓಡಾಡುತ್ತಿದ್ದಾರೆ. ಸಾಮಾನ್ಯವಾಗಿ ಕಿರಿಕಿರಿ ಮಾಡುವುದು ಹಿಂಬಡದಿಂದ ಬೆರಳಿನ ಬುಡದವರೆಗೆ ಅಂಗಾಲಿನಡಿ ಹಬ್ಬಿದ ದಪ್ಪ ಪಟ್ಟಿ. ರಾತ್ರಿ ಬಿಗಿದುಕೊಂಡದ್ದು ಮೊದಲ ಹೆಜ್ಜೆಗೆ ಎಳೆಯುತ್ತದೆ. ಹಾಸಿಗೆಯಲ್ಲಿ ಕೂತೇ ಟವೆಲಿನಿಂದ ಬೆರಳುಗಳನ್ನು ತನ್ನ ಕಡೆ ಎಳೆದುಕೊಳ್ಳುವುದು, ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸುವುದು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಮೆಟ್ಟುವುದು, ಇಷ್ಟನ್ನು ಕೆಲವು ತಿಂಗಳು ಬಿಡದೆ ಮಾಡಿದರೆ ಬಹುಪಾಲು ಜನಕ್ಕೆ ಇಳಿಯುತ್ತದೆ. ಆದರೆ ಮನೆಯೊಳಗೆ ಚಪ್ಪಲಿ? ಅಡುಗೆಮನೆಗೆ? ಅತ್ತೆಯ ಎದುರು? ಅಂಗಾಲಿನ ಪಟ್ಟಿ ಹರಿದರೂ ಸರಿ, ಮನೆತನದ ಮರ್ಯಾದೆ ಹರಿಯಬಾರದು. ಸೆಗಣಿ ಸಾರಿಸಿದ ಮೆತ್ತನೆಯ ನೆಲ ಹೋಗಿ ಗ್ರಾನೈಟು ಬಂದದ್ದು ಮರ್ಯಾದೆಗೆ ಇನ್ನೂ ಗೊತ್ತಾಗಿಲ್ಲ.

ಹಾನಗಲ್ಲಿನ ಕಾಲಿಗೆ ಗ್ರಾನೈಟಿಗಿಂತ ಕೆಸರಿನ ಸಂಬಂಧ ಹೆಚ್ಚು. ಭತ್ತದ ಸೀಮೆ, ಮೇಲೆ ಮಳೆ, ಕೆಳಗೆ ಧರ್ಮಾ ಜಲಾಶಯದ ಕಾಲುವೆ ನೀರು. ಗದ್ದೆಗೆ ಇಳಿದ ಹೆಣ್ಣುಮಕ್ಕಳು ಸಂಜೆಗೆ ಮೇಲೆ ಬಂದಾಗ ಬೆರಳಸಂದಿ ಬೆಳ್ಳಗೆ ಬೆಂದಿರುತ್ತದೆ. 'ಕೆಸರು ತಿಂದೈತಿ' ಎನ್ನುತ್ತಾರೆ. ತಿಂದದ್ದು ಕೆಸರಲ್ಲ, ಒದ್ದೆಯಲ್ಲಿ ಬೆಳೆಯುವ ಶಿಲೀಂಧ್ರ. ತುರಿಕೆ, ಉರಿ, ಬಿರುಕು. ಬಿರುಕಿನಿಂದ ಬೇರೆ ರೋಗಾಣು ನುಗ್ಗಿದರೆ ಕಾಲೆಲ್ಲ ಕೆಂಪಾಗಿ ಬಾತು ಜ್ವರ. ಮೊದಲ ಮದ್ದು ಮುಲಾಮೂ ಅಲ್ಲ, ಒಣ ಬಟ್ಟೆ. ತೊಳೆದ ಮೇಲೆ ಒಂದೊಂದು ಸಂದಿಯನ್ನೂ ಒರೆಸಬೇಕು. ಆಮೇಲೆ ಡಾಕ್ಟರು ಕೊಟ್ಟ ಮುಲಾಮನ್ನು ತುರಿಕೆ ನಿಂತ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಬೇಕು. ನಾವು ಮಾಡುವುದು ತಿರುಗುಮುರುಗು. ತುರಿಕೆ ನಿಂತ ದಿನವೇ ಟ್ಯೂಬನ್ನು ದೇವರ ಗೂಡಿನ ಪಕ್ಕ ಇಟ್ಟು, ಮುಂದಿನ ಶ್ರಾವಣಕ್ಕೆ ಅದನ್ನೇ ಒತ್ತಿ ತೆಗೆಯುತ್ತೇವೆ.

ಹಿರೇಕೆರೂರು ಕಡೆ ಗೋವಿನಜೋಳದ ಕೂಳೆ. ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ಹಾಯುವುದು ಪೌರುಷದ ಲಕ್ಷಣವೆಂದು ತಿಳಿದವರು ಇನ್ನೂ ಇದ್ದಾರೆ. ಹಿಂದಿನವರ ಉಡದಾರದಲ್ಲಿ ಮುಳ್ಳು ಕೀಳುವ ಚಿಮಟಿಗೆ ಜೋತಾಡುತ್ತಿತ್ತು, ಸಂಜೆ ಕೂತು ಒಬ್ಬರ ಕಾಲನ್ನು ಇನ್ನೊಬ್ಬರು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಈಗ ಸೊಂಟಕ್ಕೆ ಮೊಬೈಲು ಬಂದಿದೆ, ಮುಳ್ಳು ಒಳಗೇ ಉಳಿಯುತ್ತದೆ. ಮಣ್ಣಿನ ಶಿಲೀಂಧ್ರ ಅಥವಾ ರೋಗಾಣು ಮುಳ್ಳಿನ ಜೊತೆ ಒಳಹೊಕ್ಕು, ವರ್ಷಗಟ್ಟಲೆ ಪಾದ ಮೆಲ್ಲಗೆ ಬಾಯುವ ಒಂದು ರೋಗವಿದೆ. 1842ರಲ್ಲಿ ಮದುರೆಯ ರೋಗಿಗಳಲ್ಲಿ ಗುರುತಿಸಿದ್ದರಿಂದ ಅದಕ್ಕೆ 'ಮದುರಾ ಪಾದ' ಎಂದೇ ಹೆಸರು. ಅದರ ಕುತಂತ್ರವೆಂದರೆ ಬಹಳ ಕಾಲ ನೋವೇ ಇರುವುದಿಲ್ಲ. ನೋವಿಲ್ಲವೆಂದು ರೈತ ಸುಮ್ಮನೆ, ರೈತ ಸುಮ್ಮನೆಂದು ಮನೆಯವರೂ ಸುಮ್ಮನೆ.

ನನ್ನ ತಕರಾರೆಲ್ಲ ಈ ಸುಮ್ಮನಿರುವ ಕಾಲಿನ ಮೇಲೆ. ಗೊಣಗುವ ಕಾಲಿನ ಬಗ್ಗೆ ನನಗೆ ಭಯವಿಲ್ಲ. ಹಿಂಬಡ ಹಿಡಿದು ಅಳುವವರು, ಆಣಿ ತೋರಿಸಿ ಶಪಿಸುವವರು ಒಂದಲ್ಲ ಒಂದು ದಿನ ಡಾಕ್ಟರ ಬಾಗಿಲಿಗೆ ಹೋಗುತ್ತಾರೆ. ಭಯವಿರುವುದು ಕಟ್ಟೆಯ ಮೂಲೆಯಲ್ಲಿ ಮೀಸೆ ತಿರುವುವ ಆ ಯಜಮಾನರದು: 'ಹದಿನೈದು ವರ್ಷ ಆತು ಸಕ್ರಿ ಬ್ಯಾನಿ ಬಂದು, ನನ್ನ ಕಾಲಿಗೆ ಒಂದ ದಿನ ಏನೂ ಆಗಿಲ್ಲ ನೋಡ್ರಿ!' ಆಗಿಲ್ಲ ಎಂದಲ್ಲ ಯಜಮಾನರೇ, ಗೊತ್ತಾಗಿಲ್ಲ. ಸಕ್ಕರೆ ಏರಿಯೇ ಇದ್ದರೆ ವರ್ಷ ಕಳೆದಂತೆ ಪಾದದ ನರಗಳು ಮಂಕಾಗುತ್ತವೆ. ಮೊದಲು ಜುಮ್ ಅನ್ನುತ್ತದೆ, ರಾತ್ರಿ ಉರಿಯುತ್ತದೆ, ಆಮೇಲೆ ಏನೂ ಅನ್ನುವುದಿಲ್ಲ. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಬಿದ್ದರೂ ತಿಳಿಯುವುದಿಲ್ಲ. ಮೊಮ್ಮಗ 'ಅಜ್ಜಾ, ನಿನ್ನ ಚಪ್ಪಲಿ ಅಲ್ಲೇ ಉಳೀತು' ಎಂದು ಎತ್ತಿ ತಂದರೆ ಎಲ್ಲರೂ ನಗುತ್ತಾರೆ. ನಗುವ ಮಾತಲ್ಲ, ಅದು ರೋಗಲಕ್ಷಣ. ಕುದಿಯುವಂಥ ನೀರಲ್ಲಿ ಕಾಲಿಟ್ಟು ಬೊಬ್ಬೆ ಎದ್ದರೂ ಇವರಿಗೆ ಬಿಸಿ ಸಾಲದು. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಅಷ್ಟೂ ಜನರ ಅಂಗಾಲನ್ನು ನೋಡುವವರು ಯಾರು? ಕೃಷ್ಣನಂಥ ಕೃಷ್ಣನ ಅವತಾರವೂ ಮುಗಿದದ್ದು ಪಾದಕ್ಕೆ ನಟ್ಟ ಒಂದು ಬಾಣದಿಂದ ಎಂಬುದನ್ನು ಪುರಾಣ ಕೇಳಿ ತಲೆದೂಗುವ ಮಂದಿ ಮರೆಯುತ್ತಾರೆ.

ನೋವಿನ ಬೆಲೆಯನ್ನು ಚೆನ್ನಾಗಿ ಅರಿತವನು ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲು ನೋಡತೊಡಗಿದ. ಬೆರಳು ಹೋಗುವುದಕ್ಕೆ ರೋಗಕ್ಕಿಂತ, ಅರಿವಿಲ್ಲದ ಅಂಗಕ್ಕೆ ದಿನದಿನವೂ ಆಗುವ ಗಾಯವೇ ಕಾರಣ ಎಂಬುದು ಅವನಿಗೆ ಹೊಳೆಯಿತು. ರಾತ್ರಿ ಮಲಗಿದವರ ಬೆರಳನ್ನು ಇಲಿ ಕಚ್ಚಿದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಹಾಗಾಗಿ ಅಲ್ಲಿ ಬೆಕ್ಕನ್ನೂ ಚಿಕಿತ್ಸೆಯ ಭಾಗವಾಗಿ ಕೊಟ್ಟರು! ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ, ಎಲ್ಲರೂ ಎಂಸಿಆರ್ ಎನ್ನುವ ಚಪ್ಪಲಿ ಬೆಳೆದು ಬಂದದ್ದೂ ವೆಲ್ಲೂರಿನ ಆ ಕೆಲಸದಿಂದ. ಅದೇ ಪಾಠ ಈಗ ಸಕ್ಕರೆ ಕಾಯಿಲೆಯ ಪಾದಕ್ಕೂ ನಡೆಯುತ್ತಿದೆ.

ಈ ಕಾಲು ನೋಡುವ ವಿದ್ಯೆಯೇ ಪೋಡಿಯಾಟ್ರಿ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇದಕ್ಕೇ ಬೇರೆ ಪದವಿ ಇದೆ. ನಮ್ಮಲ್ಲಿ ಸರ್ಜನ್ನರೋ ಮಧುಮೇಹದ ಡಾಕ್ಟರರೋ ಇದನ್ನು ಹೆಚ್ಚುವರಿಯಾಗಿ ಕಲಿತು ಮಾಡುತ್ತಾರೆ. ಬೆಂಗಳೂರಿನ ಸರ್ಕಾರಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಅದಕ್ಕೊಂದು ವಿಭಾಗವೇ ಇದೆ. ಹೋದವರಿಗೆ ಮೊದಲು ನಿರಾಸೆ, ಯಾಕೆಂದರೆ ದೊಡ್ಡ ಮಶೀನು ಇಲ್ಲ. ಕಣ್ಣು ಮುಚ್ಚಿಸಿ, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಮುಟ್ಟಿಸಿ 'ಗೊತ್ತಾಯಿತೆ?' ಎನ್ನುತ್ತಾರೆ. ನಮ್ಮ ಯಜಮಾನರು 'ಮುಟ್ಟರಿ ಮೊದಲ, ಆಮ್ಯಾಲೆ ಕೇಳ್ರಿ' ಎನ್ನುತ್ತಾರೆ. ಆಗಲೇ ಮುಟ್ಟಿ ಮುಗಿದಿರುತ್ತದೆ. ಆಮೇಲೆ ತೋಳಿನ ರಕ್ತದೊತ್ತಡ, ಹರಡಿನ ರಕ್ತದೊತ್ತಡ ಹೋಲಿಸಿ ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ನೋಡುತ್ತಾರೆ. ಸವಣೂರಿನವರು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು: ನಿಮ್ಮೂರ ವೀಳ್ಯದೆಲೆಯ ಮೇಲೆ ಯಾರ ತಕರಾರೂ ಇಲ್ಲ, ಎಲೆ ಮುಗಿದ ಮೇಲೆ ಹಚ್ಚುವ ಬೀಡಿಯದೇ ತಕರಾರು. ಬೀಡಿ ಕಾಲಿನ ರಕ್ತನಾಳವನ್ನು ಕಟ್ಟುತ್ತದೆ, ನಾಲ್ಕು ಮಾರು ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಸಕ್ಕರೆಯೂ ಬೀಡಿಯೂ ಕೂಡಿದರೆ ಬೆರಳು ಕಪ್ಪಾಗುವ ದಾರಿ ಬಹಳ ಗಿಡ್ಡ.

ಇಷ್ಟಕ್ಕೆಲ್ಲ ಬೆಂಗಳೂರಿಗೆ ಓಡಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ಬಿಪಿ ನೋಡಿಸಲು ಹೋದಾಗ ಚಪ್ಪಲಿ ಕಳಚಿ 'ಕಾಲೂ ನೋಡ್ರಿ' ಎಂದರೆ ಸಾಕು. ನಾಚಿಕೆ ಬೇಡ, ಅವರು ಇದಕ್ಕಿಂತ ಕೊಳೆಯಾದ ಕಾಲು ನೋಡಿದ್ದಾರೆ. ಮನೆಯಲ್ಲಿ ದಿನಾ ರಾತ್ರಿ ನೀವೇ ನೋಡಿಕೊಳ್ಳಿ. ಬಗ್ಗಲು ಹೊಟ್ಟೆ ಅಡ್ಡ ಬಂದರೆ ನೆಲದ ಮೇಲೊಂದು ಕನ್ನಡಿ ಇಟ್ಟು ಅದರ ಮೇಲೆ ಅಂಗಾಲು ಹಿಡಿಯಿರಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೆದಕಬೇಡಿ. ಸಕ್ಕರೆ ಇದ್ದವರು ಆಣಿಗೆ ಅಂಗಡಿಯ ಕಾರ್ನ್ ಕ್ಯಾಪ್ ಹಚ್ಚಲೇಬಾರದು, ಅದರೊಳಗಿನ ಆಮ್ಲ ಆಣಿಯ ಜೊತೆ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಹಾನಗಲ್ಲಿನ ತಾರಕೇಶ್ವರನ ದರ್ಶನಕ್ಕೆ ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗ್ಗೆ ಹೋಗಿ. ಮಟಮಟ ಮಧ್ಯಾಹ್ನ ಕಾದ ಹಾಸುಗಲ್ಲಿಗೆ ಭಕ್ತಿ ಎಷ್ಟೆಂಬುದು ತಿಳಿಯುವುದಿಲ್ಲ.

ಕೊನೆಗೆ ಎಲ್ಲ ಬಂದು ನಿಲ್ಲುವುದು ಚಪ್ಪಲಿಯ ಮೇಲೆ. ಕೊಲ್ಹಾಪುರಿಯ ಅಂದ ಯಾರಿಗೆ ಬೇಡ? ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅದರ ಜಿಐ ಹಕ್ಕಿದೆ. 2025ರಲ್ಲಿ ಮಿಲಾನಿನ ಫ್ಯಾಷನ್ ಮೇಳದಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಜೋಡು ತೊಡಿಸಿ, ಮೂಲ ಹೇಳಲಿಲ್ಲವೆಂದು ಲೋಕದವರಿಂದೆಲ್ಲ ಬೈಸಿಕೊಂಡಿತು. ಆದರೆ ಹೊಸ ಕೊಲ್ಹಾಪುರಿ ಕಚ್ಚುತ್ತದೆ, ಮಂಕಾದ ಪಾದಕ್ಕೆ ಕಚ್ಚಿದ್ದು ಗೊತ್ತಾಗುವುದಿಲ್ಲ. ಅಂಥವರಿಗೆ ಅಗಲ ಮೂತಿಯ, ಹಿಂದೆ ಪಟ್ಟಿ ಇರುವ, ಮೆತ್ತನೆಯ ಎಂಸಿಆರ್ ಜೋಡೇ ಬೇಕು. ಅದನ್ನು ಸಂಜೆ ಕೊಳ್ಳಬೇಕು, ಸಂಜೆಗೆ ಕಾಲು ತುಸು ಬಾತಿರುತ್ತದೆ. ಮುಖ ಸಿಂಡರಿಸಿ ಕೊಂಡ ಯಜಮಾನರು ಅಂಗಡಿಯವನಿಗೆ ಕೇಳುತ್ತಾರೆ:

'ಇದನ್ನ ಹಾಕ್ಕೊಂಡು ಬೀಗರ ಮುಂದ ಹ್ಯಾಂಗ ಅಡ್ಡಾಡ್ಲೋ ತಮ್ಮಾ?'

'ಒಂದ ಲಾಭ ಐತ್ರೀ ಅಜ್ಜಾರ. ಜಾತ್ರಿಯೊಳಗ ಇದನ್ನ ಯಾವ ಕಳ್ಳನೂ ಮುಟ್ಟಂಗಿಲ್ಲ.'

'ಹೌದೇನು? ಹಂಗಾರ ನಮ್ಮಾಕಿಗೂ ಒಂದ ಜೋಡಿ ತಗಿ.'