ಸಿದ್ಧತಾರಾಯರು

ಎದುರು ಮನೆಯ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. 2020ರ ಮೇ ತಿಂಗಳಿಂದೀಚೆಗೆ ನಮ್ಮ ಬೀದಿಗೆ ಅವರು ಸಿದ್ಧತಾರಾಯರು. ಎರಡನೇ ತರಗತಿಗೆ ಕಾಲಿಟ್ಟ ಮಗನ ಶಾಲೆಯಿಂದ ‘ಆನ್‌ಲೈನ್ ಕ್ಲಾಸ್ ಶುರುವಾಗಲಿದೆ, ಮಗುವಿಗೆ ಮನೆಯಲ್ಲೊಂದು ಶಾಂತ ಮೂಲೆ ಮಾಡಿಕೊಡಿ’ ಎಂದು ಮೆಸೇಜು ಬಂದದ್ದೇ ತಡ, ರಾಯರು ಟೇಪು ಹಿಡಿದು ನಡುಮನೆ ಅಳೆಯತೊಡಗಿದರು.

ಕಿಟಕಿಯ ಬೆಳಕು ಬೆನ್ನಿಗೆ ಬಿದ್ದರೆ ಮುಖ ಕಪ್ಪಾಗಿ ಕಾಣುತ್ತದೆಂದು ಸೋಫಾ ಸರಿಯಿತು. ಸೋಫಾ ಸರಿದದ್ದಕ್ಕೆ ಟೀವಿ ಸರಿಯಿತು. ಟೀವಿ ಗೋಡೆ ಕಡೆ ತಿರುಗಿದ್ದಕ್ಕೆ ಅವರ ತಾಯಿ ಮಾಸ್ಕು ಹಾಕಿಕೊಂಡು ಧಾರಾವಾಹಿ ನೋಡಲು ನಮ್ಮ ಮನೆಗೆ ಸರಿದರು. (ಆಗ ಶೂಟಿಂಗ್ ಇಲ್ಲದೆ ಹಳೇ ಕಂತುಗಳೇ ಬರುತ್ತಿದ್ದವು. ಮುಂದೇನಾಗುತ್ತದೆಂದು ಅವರೇ ನಮಗೆ ಹೇಳಿಬಿಡುತ್ತಿದ್ದರು.) ಲ್ಯಾಪ್‌ಟಾಪು ಮಗುವಿನ ಕಣ್ಣಿನ ಮಟ್ಟಕ್ಕಿರಬೇಕಲ್ಲ, ಕೆಳಗೆ ಕಿಟೆಲ್ ನಿಘಂಟು ಬಂತು. 1894ರಲ್ಲಿ ಅಚ್ಚಾದ ಆ ಮಹಾಕಾರ್ಯದ ಮರುಮುದ್ರಣ ಆ ಮನೆಯ ಕಪಾಟಿನಿಂದ ಹೊರಬಂದದ್ದು ಅದೇ ಮೊದಲು. ತೆರೆದು ನೋಡುವ ಪ್ರಮೇಯ ಬರಲಿಲ್ಲ, ದಪ್ಪ ಸಾಕಾಯಿತು.

ಆಮೇಲೆ ರಿಂಗ್ ಲೈಟು, ಹೆಡ್‌ಫೋನು, ತಿರುಗುವ ಕುರ್ಚಿ, ಕರೆಂಟು ಹೋದರೆ ಯುಪಿಎಸ್ಸು. ಒಂಬತ್ತರಿಂದ ಹತ್ತರವರೆಗೆ ಕುಕ್ಕರು ಕೂಗಕೂಡದು, ಮಿಕ್ಸಿ ತಿರುಗಕೂಡದು. ಸೊಪ್ಪಿನವಳಿಗೂ ಹೋಗಿ ಹೇಳಿದರು: ‘ಆ ಒಂದು ಗಂಟೆ ಕೂಗಬೇಡಮ್ಮ.’ ‘ಆ ಒಂದು ಗಂಟೆ ಸೊಪ್ಪು ನೀವು ಮಾರ್ತೀರಾ ಸ್ವಾಮಿ?’ ಎಂದಳು ಆಕೆ.

ಇಷ್ಟೆಲ್ಲ ಆದಮೇಲೆ ಜೂನ್‌ನಲ್ಲಿ ಸರ್ಕಾರ, ಐದನೇ ತರಗತಿವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠವೇ ಬೇಡ ಎಂದುಬಿಟ್ಟಿತು. ಮಗ ಕುಣಿದ. ರಾಯರಿಗೆ ಎರಡು ದಿನ ಊಟ ಸೇರಲಿಲ್ಲ. ಜುಲೈ 8ರಂದು ಹೈಕೋರ್ಟು ಅದಕ್ಕೆ ತಡೆ ಕೊಟ್ಟಾಗ ಅವರ ಮನೆಯಲ್ಲಿ ಕೇಸರಿಬಾತು. ಕೋರ್ಟಿಗೆ ಹೋದವರೂ ಅಷ್ಟು ಸಂಭ್ರಮಿಸಿರಲಾರರು. ಅದೇ ತಿಂಗಳು ಕೇಂದ್ರದ ಮಾರ್ಗಸೂಚಿಯೂ ಬಂತು: ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ ಎರಡೇ ಅವಧಿ, ತಲಾ 30ರಿಂದ 45 ನಿಮಿಷ. ‘ಇಷ್ಟಕ್ಕೆ ಅಷ್ಟಾ?’ ಎಂದ ಹೆಂಡತಿಗೆ ರಾಯರು ಉತ್ತರ ಕೊಡಲಿಲ್ಲ.

ಮೊದಲ ದಿನ ಮಗನಿಗಿಂತ ಮುಂಚೆ ಅವರೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕ್ಯಾಮೆರಾಕ್ಕೆ ಕಾಣದಂತೆ ಮೇಜಿನ ಪಕ್ಕ ನೆಲದಲ್ಲಿ ಚಕ್ಕಳಮಕ್ಕಳ ಹಾಕಿದರು. ಮಿಸ್ ಬಂದರು, ನಕ್ಕರು, ‘ಎಲ್ಲರೂ ಪೆನ್ಸಿಲ್ ತಗೊಳ್ಳಿ’ ಎಂದರು.

ಮನೆಯಲ್ಲಿ ಪೆನ್ಸಿಲ್ ಇರಲಿಲ್ಲ.

ರಾಯರು ನಮ್ಮ ಮನೆಗೆ ಓಡಿ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ಕಾಲಿನಲ್ಲಿ ಚಪ್ಪಲಿ, ಕೊರಳಲ್ಲಿ ಹೆಡ್‌ಫೋನು. ಸಿಕ್ಕಿದ ಮೋಟು ಪೆನ್ಸಿಲನ್ನು ಈಳಿಗೆಮಣೆಯಲ್ಲಿ ಚೂಪು ಮಾಡಿಕೊಟ್ಟೆ.

ಉತ್ತರ ಪಿಸುಗುಟ್ಟುವ ಚಟವೂ ಅವರಿಗಿತ್ತು. ಒಂದು ದಿನ ಮಿಸ್ ‘ನಾಲ್ಕೆಂಟ್ಲೆ ಎಷ್ಟು?’ ಎಂದಾಗ ನೆಲದಿಂದ ‘ಮೂವತ್ತಾರು’ ಎಂದು ತೇಲಿಬಂತು, ಮಗ ಅದನ್ನೇ ಒಪ್ಪಿಸಿದ.

‘ಮೂವತ್ತೆರಡು ಕಣೋ. ನಿನ್ನೆ ಸರಿಯಾಗೇ ಹೇಳಿದ್ಯಲ್ಲ?’

‘ನಿನ್ನೆ ಅಪ್ಪ ಬ್ಯಾಂಕಿಗೆ ಹೋಗಿದ್ರು ಮಿಸ್.’

2021ರ ಅಕ್ಟೋಬರ್ 25ರಂದು ಪುಟ್ಟ ಮಕ್ಕಳಿಗೂ ಶಾಲೆ ತೆರೆಯಿತು. ಮಗ ಚೀಲ ಏರಿಸಿಕೊಂಡು ಹಿಂದೆ ತಿರುಗಿಯೂ ನೋಡದೆ ಹೋದ. ರಾಯರು ಗೇಟಿನಲ್ಲಿ ನಿಂತೇ ಇದ್ದರು, ಇಸ್ತ್ರಿ ಅಂಗಿಯಲ್ಲಿ.

ಯಾರಿಗಾದರೂ ರಿಂಗ್ ಲೈಟು ಬೇಕಿದ್ದರೆ ಹೇಳಿ, ಅರ್ಧ ಬೆಲೆಗೆ ಕೊಡಿಸುತ್ತೇನೆ. ಮೇಜು ಮಾತ್ರ ಕೇಳಬೇಡಿ. ಅದರ ಮೇಲೆ ಅವರ ತಾಯಿ ಹಪ್ಪಳ ಒಣಹಾಕಿದ್ದಾರೆ, ಗಾಳಿಗೆ ಹಾರದಂತೆ ಬಟ್ಟೆಯ ಅಂಚಿಗೆ ಕಿಟೆಲ್ ಹೇರಿ.