100ಕ್ಕೆ ಎರಡು ಕಡಿಮೆ

(ಕಾಪು ಕಡಲತಡಿಯ ಒಂದು ಅಂಗನವಾಡಿ)

ಅಪ್ಪ: ಟೀಚರ್, ಮಗಳಿಗೆ ಪರೀಕ್ಷೆ ಯಾವಾಗ?

ಟೀಚರ್: ಆಯ್ತಲ್ಲ ಮಾರಾಯ್ರೆ! ಮರಳಲ್ಲಿ ಬಂಗುಡೆ, ಬೂತಾಯಿ ಬಿಡಿಸಿ ಎಣಿಸಿದಳು. 5ರಿಂದ ಸೀದಾ 7ಕ್ಕೆ ಹಾರಿದಳು. ಹಾಗಾಗಿ ನಾಳೆಯ ಪಾಠ 6.

ಅಪ್ಪ: ಮಾರ್ಕ್ಸ್ ಎಷ್ಟು?

ಟೀಚರ್: 8 ವರ್ಷದೊಳಗಿನವರಿಗೆ ಪರೀಕ್ಷೆ ಸಲ್ಲದು ಅಂತ 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳುತ್ತದೆ. ಆಟ ನೋಡುವುದು, ಬರೆದಿಡುವುದು, ಪಾಠ ಹೊಂದಿಸುವುದು, ಅಷ್ಟೇ.

ಅಪ್ಪ: ಮಣಿಪಾಲದ ಭಾವನ ಮಗನಿಗೆ ನರ್ಸರಿಯಲ್ಲೇ 100ಕ್ಕೆ 98!

ಟೀಚರ್: ಉಳಿದ ಎರಡು?

ಅಪ್ಪ: ಅದಕ್ಕೇ ಟ್ಯೂಷನ್‌. ಕಾರ್ಕಳದ ಗೊಮ್ಮಟ ಎಷ್ಟು ಎತ್ತರ ಅಂದ್ರೆ, 42 ಅಡಿ ಅಂತ ಪಟ್ಟನೆ ಹೇಳ್ತಾನೆ.

ಟೀಚರ್: ನೋಡಿದ್ದಾನಾ?

ಅಪ್ಪ: ಪುರುಸೊತ್ತೆಲ್ಲಿ? ಸೋಮವಾರ ಮತ್ತೆ ಪರೀಕ್ಷೆ!