ಗೋಡೆ ಬೀಳುವ ಮುಹೂರ್ತ

ಉತ್ತರ ಕರ್ನಾಟಕದ ಮಣ್ಣಿನ ಗೋಡೆಗಳಿಗೆ ಸರ್ಕಾರಿ ಶಿಸ್ತು ಇನ್ನೂ ಬಂದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೇ ಊರೊಳಗೆ ನುಗ್ಗಿದಾಗ ಈ ಅಶಿಸ್ತು ಬಯಲಾಯಿತು.

ಸರ್ಕಾರದ ಕಡೆಯಿಂದ ಯಾವ ಗೊಂದಲವೂ ಇರಲಿಲ್ಲ. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತ್ತು. ಶೇ 75ಕ್ಕಿಂತ ಹೆಚ್ಚು ಬಿದ್ದರೆ ‘ಎ’, 5 ಲಕ್ಷ ರೂಪಾಯಿ. ಶೇ 25ರಿಂದ 75 ಆದರೆ ‘ಬಿ’. ಶೇ 15ರಿಂದ 25ಕ್ಕೆ ‘ಸಿ’, 50 ಸಾವಿರ. ಶೇ 14ರಷ್ಟೇ ಬಿದ್ದ ಮನೆಯವರಿಗೆ ಅಕ್ಷರವೇ ಇಲ್ಲ; ವರ್ಣಮಾಲೆಯಾದರೂ ಎಷ್ಟು ದೂರ ಹೋದೀತು? ಮುಳುಗಿದವರು ಮಾಡಬೇಕಾಗಿದ್ದದ್ದು ಇಷ್ಟೇ: ತಮ್ಮ ಗೋಡೆಗೆ ತಿಳಿಹೇಳುವುದು. ಬೀಳುವುದಾದರೆ ಪೂರ್ತಿ ಬೀಳು, ಸಿಬ್ಬಂದಿ ಮೊಬೈಲ್ ಹಿಡಿದು ಬರುವುದರೊಳಗೆ ಬೀಳು.

ಆದರೆ ಮಣ್ಣಿನ ಗೋಡೆ ಮೊಂಡು. ನೀರಿದ್ದಷ್ಟು ದಿನ ಆ ನೀರನ್ನೇ ಕುಡಿದು ನಿಂತಿರುತ್ತದೆ. ನೀರಿಳಿದು, ಬಿಸಿಲು ಬಿದ್ದು, ಬಿರುಕು ಬಿಟ್ಟು, ಮನೆಯವರು ‘ಸದ್ಯ ಉಳೀತಪ್ಪಾ’ ಎಂದು ಒಲೆ ಹಚ್ಚಿದ ಮೇಲೆ ಒಂದು ರಾತ್ರಿ ದೊಪ್ಪನೆ ಕುಸಿಯುತ್ತದೆ. ಅಷ್ಟರಲ್ಲಿ ತಲಾಟಿ, ಎಂಜಿನಿಯರು ಬಂದು ಫೋಟೋ ಹೊಡೆದುಕೊಂಡು ಹೋಗಿರುತ್ತಾರೆ. ಆಮೇಲಿನ ಮಾತುಕತೆಯನ್ನು ಊಹಿಸುವುದು ಕಷ್ಟವಲ್ಲ:

“ಸಾಹೇಬ್ರ, ನೀವು ಬಂದಾಗ ನಿಂತಿತ್ತ್ರೀ. ನೀವು ಹೋದ ಮ್ಯಾಲ ಬಿತ್ತು.”

“ಸರ್ವೇ ಮುಗದೈತಿ ಆಯಿ. ಫೋಟೋದಾಗ ಗ್ವಾಡಿ ನಿಂತೈತಲ್ಲ.”

“ಫೋಟೋದಾಗ ಇರಾಕ ಬರ್ತೈತೇನ್ರೀ?”

ಇನ್ನು ಕೆಲವರದ್ದು ಒಂದೇ ಮನೆ, ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಒಂದೇ ಉತಾರ. ಅದೂ ತೀರಿಹೋದ ಅಪ್ಪನ ಹೆಸರಿನಲ್ಲಿ. ಪರಿಹಾರಕ್ಕೆ ಅಪ್ಪನೇ ಆಧಾರ್ ಕಾರ್ಡ್ ಹಿಡಿದು ಬಂದರೆ ಎಲ್ಲರಿಗೂ ಅನುಕೂಲ. ಬಾಡಿಗೆಗಿದ್ದವರ ಸುದ್ದಿ ಬೇಡ. ಅವರಿಗೆ ಬೀಳಿಸಿಕೊಳ್ಳಲು ಸ್ವಂತದ ಗೋಡೆಯೇ ಇರುವುದಿಲ್ಲ.

ಸಹಾಯ ಕೇಳುವ ದಾರಿಗಳಿಗೇನೂ ಬರವಿಲ್ಲ, ಒಪ್ಪಬೇಕು. 112 ಇದೆ, ಜಿಲ್ಲೆಗೆ 1077, ರಾಜ್ಯಕ್ಕೆ 1070. ನೀರು ಅಂಗಳಕ್ಕೆ ಬರುವ ಮೊದಲೇ ಕರೆಂಟ್ ಹೋಗುತ್ತದೆ, ಅದರ ಬೆನ್ನಿಗೆ ಚಾರ್ಜು, ಕೊನೆಗೆ ಟವರು. ಅಷ್ಟಾಗಿಯೂ ಕರೆ ಹೋಯಿತೆನ್ನಿ. “ಮನೆ ಹತ್ತಿರ ಗುರುತೇನಿದೆ?” ಎಂದು ಆ ಕಡೆಯವರು ಕೇಳಬೇಕು, “ನೀರು” ಎಂದು ಈ ಕಡೆಯವರು ಹೇಳಬೇಕು. ಕಿವಿ ಕೇಳದವರು, ಮಾತು ಬಾರದವರು ಈ ಸಹಾಯವಾಣಿಯನ್ನು ಬಳಸುವುದು ಹೇಗೆಂದು ಫೋನ್ ಮಾಡಿಯೇ ವಿಚಾರಿಸಿಕೊಳ್ಳಬಹುದು.

ಹಾಸಿಗೆ ಹಿಡಿದ ಮುದುಕರನ್ನು ಹೊತ್ತು ದಾಟಿಸುವವನು ಸಾಮಾನ್ಯವಾಗಿ ಎದುರುಮನೆ ಹುಡುಗ. ಅವನು ಯಾವ ವರ್ಗವನ್ನೂ ನೋಡದೆ ಸಿಕ್ಕಸಿಕ್ಕವರನ್ನೆಲ್ಲ ಎತ್ತಿದ್ದರಿಂದ ಅವನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಎಮ್ಮೆ ಬಿಟ್ಟು ಬರಲೊಲ್ಲೆನೆಂದು ಕೊಟ್ಟಿಗೆಯಲ್ಲೇ ಕೂತ ಹೆಂಗಸಿಗೆ ಮಾತ್ರ ಒಂದು ಸಾಲು ಮೀಸಲು: ‘ಸಂತ್ರಸ್ತರು ಸಹಕರಿಸಲಿಲ್ಲ.’ ಆಕೆಯ ಸಂಸಾರ ನಡೆಯುವುದೇ ಆ ಎಮ್ಮೆಯ ಹಾಲಿನಿಂದ ಎಂದು ಬರೆಯಲು ಫಾರಂನಲ್ಲಿ ಕಾಲಂ ಇಲ್ಲ.

2009ರ ನೆರೆಯ ನಂತರ ‘ಆಸರೆ’ ಮನೆಗಳನ್ನು ಕಟ್ಟಿಸಲಾಗಿತ್ತು. ಕೆಲವು ಕಡೆ ಅಲ್ಲಿಗೆ ಜನಕ್ಕಿಂತ ಮೊದಲು ಜಾಲಿ ಗಿಡ ಒಕ್ಕಲು ಬಂತು. ಹತ್ತು ವರ್ಷಕ್ಕೆ ಮತ್ತೆ ಮುಳುಗಿದವರನ್ನು ಕೇಳಬೇಕಾದ ಪ್ರಶ್ನೆಯನ್ನು ಕೇಳಲೇಬೇಕಲ್ಲ:

“ಎತ್ತರದಾಗ ಮನಿ ಕಟ್ಟಿಸಿ ಕೊಟ್ಟೇವಲ್ಲ, ಯಾಕ ಹೋಗಲಿಲ್ಲ ಆಯಿ?”

“ಹಕ್ಕುಪತ್ರ ಕೊಡ್ಲಿಲ್ಲಲ್ರೀ ಸಾಹೇಬ್ರ.”

“ಆ ಫೈಲು ನೀರಾಗ ತೊಯ್ದು ಹಾಳಾಗೇತಿ.”

“ಎಷ್ಟು ಪರ್ಸೆಂಟ್ರೀ?”